ಹೊಸ ಕುರ್ಚಿ ಮುರಿದವನು

"ನಿಲ್ರಿ. ಆ ಪೈಪ್ ಕೊಯ್ಯಬ್ಯಾಡ್ರಿ."

ಬಾಗಿಲಿನಿಂದ ಬಂದ ದನಿಗೆ ರಾಜಶ್ರೀಯ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು.

ಹೊರ್ತಿ ಊರಿನಲ್ಲಿ ಮುಚ್ಚಿಹೋಗಿದ್ದ ಹಿಟ್ಟಿನ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು ಅವಳು ಕೆಲಸ ಮಾಡುತ್ತಿದ್ದಳು. ರೈತರು ಎಸೆದ ಹಳೆಯ ಡ್ರಿಪ್ ಪೈಪುಗಳನ್ನು ಉದ್ದಕ್ಕೆ ಸೀಳಿ, ಆ ಕಪ್ಪು ಪಟ್ಟಿಗಳಿಂದ ಮಂಚದಂಥ ಹೊರಸು ಹೆಣೆಯುತ್ತಿದ್ದಳು. ಮಳೆಗೆ ನೆನೆದರೂ ಕೊಳೆಯದ, ಬಿಸಿಲಿಗೆ ಇಟ್ಟರೂ ಸಡಿಲಾಗದ ಹೊರಸು. ಇಂಡಿ ಪಟ್ಟಣದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಆದರೆ ಈ ಮನುಷ್ಯ ಹೊರಸಿಗಾಗಿ ಬಂದವನಲ್ಲ. ಮುಖ ಕೆಂಪಗಾಗಿತ್ತು. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು.

"ಯಾಕ್ರಿ?"

"ಅವು ನನ್ನ ಪೈಪ್. ಲಿಂಬಿ ತ್ವಾಟದ ಬದುವಿನ ಮ್ಯಾಲ ಇಟ್ಟಿದ್ದೆ. ಹೊಸಾ ಗಿಡಕ್ಕ ಹಾಕೂದಿತ್ತು."

"ಒಗದಾರ ಅಂತ ತಿಳಕೊಂಡೆ. ಬಿಸಲಾಗ ಸುಮ್ನ ಬಿದ್ದಿದ್ದುವು..."

"ಇಟ್ಟಿದ್ದಕ್ಕೂ ಒಗದಿದ್ದಕ್ಕೂ ಫರಕ್ ಇಲ್ಲೇನ್ರಿ?"

ರಾಜಶ್ರೀ ಸೀಳಿದ ಪಟ್ಟಿಗಳತ್ತ ನೋಡಿದಳು. ತಪ್ಪು ತನ್ನದೇ. ಅರ್ಧ ಸುರುಳಿ ಆಗಲೇ ಸೀಳಿಯಾಗಿತ್ತು; ಪಕ್ಕದಲ್ಲಿದ್ದ ಹೊರಸು ಅದರಿಂದಲೇ ತುಂಬಿತ್ತು.

"ತಪ್ಪಾತ್ರಿ. ಏನ್ ಮಾಡ್ಲಿ ಹೇಳ್ರಿ."

ಅವನು ಹೊರಸಿನ ಹತ್ತಿರ ಬಂದು ಅಂಗೈ ಒತ್ತಿ ನೋಡಿದ. ಆಮೇಲೆ ಮೆಲ್ಲಗೆ ಕುಳಿತ. ಬಹಳ ಹೊತ್ತು ಕುಳಿತೇ ಇದ್ದ.

"ಇದು ನನ್ನ ಪೈಪಿಂದ ಆಗೇತೇನ್ರಿ?"

"ಹೌದ್ರಿ."

"ಹಂಗಾರ ಉಳದಿದ್ದೂ ಹೆಣೀರಿ."

ಅಷ್ಟೇ. ಎದ್ದು ಹೊರಟುಹೋದ.

ಜಗಳಕ್ಕೆ ಬಂದವನು ಉಳಿದ ಪೈಪನ್ನೂ ಕೊಟ್ಟು ಹೋದದ್ದು ಯಾಕೆ? ರಾಜಶ್ರೀ ಚಾಕು ಹಿಡಿದು ಬಾಗಿಲನ್ನೇ ನೋಡುತ್ತಾ ನಿಂತಳು. ಬೈಕ್ ಏರುತ್ತಿದ್ದ ಅವನಿಗೂ ಅದು ಗೊತ್ತಿರಲಿಲ್ಲ.

ಅವನ ಹೆಸರು ಕಾಂತು ಎಂದು ಹೇಳಿದವಳು ಜಾಸ್ಮಿನ. ಗಿರಣಿಯ ಎದುರು ಮನೆಯವಳು, ಹೊಲಿಗೆ ಕೆಲಸದವಳು, ರಾಜಶ್ರೀಯ ಏಕೈಕ ಗೆಳತಿ.

"ಇಂದ್ರಾಬಾಯಿ ಮಗ ಅಲ್ಲೇನು? ಊರ ಹೊರಗ ಮೂರು ಎಕರೆ ಲಿಂಬಿ ಐತಿ. ಹೆಣ್ಣು ನೋಡಾಕ ಹ್ವಾದಲ್ಲೆಲ್ಲ ಬಾಯಿ ಬಿಡದ ಕುಂತು ಬರ್ತಾನ. ಅದಕ್ಕ ಮೂವತ್ತೆರಡಾದ್ರೂ ಮದಿವಿ ಇಲ್ಲ."

"ನನಗ್ಯಾಕ ಬೇಕವಾ ಅದೆಲ್ಲ?"

"ನಾ ಏನೂ ಅನ್ಲಿಲ್ಲಲ್ಲ," ಎಂದು ಜಾಸ್ಮಿನ ದಾರ ಕಡಿದಳು.

ಮುಂದಿನ ಸೋಮವಾರ ಕಾಂತು ಮತ್ತೆ ಬಂದ. ಕೈಯಲ್ಲಿ ಸೈಕಲ್ಲಿನ ಎರಡು ರಿಮ್ಮು.

"ಇವು ಉಪಯೋಗ ಆಗ್ತಾವೇನ್ರಿ?"

ರಾಜಶ್ರೀ ರಿಮ್ಮಿಗೆ ಪಟ್ಟಿ ಹೆಣೆದು, ಕೆಳಗೆ ಕಾಲು ಕೂಡಿಸಿ ಸ್ಟೂಲು ಮಾಡಿಕೊಟ್ಟಳು. ಅದರ ಮುಂದಿನ ಸೋಮವಾರ ಫ್ಯಾನಿನ ಜಾಳಿಗೆ ತಂದ; ಅದು ರೊಟ್ಟಿ ಬುಟ್ಟಿಯಾಯಿತು. ಆಮೇಲೆ ತೂತಾದ ಔಷಧ ಹೊಡೆಯುವ ಪಂಪು, ರಾಶಿ ಮುಚ್ಚುವ ಹರಿದ ತಾಡಪತ್ರಿ, ಹಿಡಿಕೆ ಮುರಿದ ಛತ್ರಿ.

ತರುವನು. ಕುಳಿತು ಅವಳ ಕೈ ನೋಡುವನು. ಚಹಾ ಕೊಟ್ಟರೆ ಕುಡಿಯುವನು. ನಾಲ್ಕು ಮಾತಿಗೆ ಒಂದು ಮಾತು. ಹೋಗುವನು.

'ಏನಾಗಬೇಕಾಗೇತಿ ಇವನಿಗೆ?' ಎಂದು ರಾಜಶ್ರೀ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಸಾಮಾನು ಬೇಕೆಂದರೆ ಅಂಗಡಿಯಿದೆ. ಮಾತು ಬೇಕೆಂದರೆ ಮಾತೇ ಆಡುವುದಿಲ್ಲ. ಮತ್ತೆ... ಸೋಮವಾರ ಬಂತೆಂದರೆ ತಾನೇಕೆ ಎರಡು ಸಲ ತಲೆ ಬಾಚಿಕೊಳ್ಳುತ್ತೇನೆ?

ಆ ಪ್ರಶ್ನೆಯನ್ನು ಅವಳು ಅಲ್ಲೇ ಬಿಡುತ್ತಿದ್ದಳು. ಅದರ ಉತ್ತರ ಕೇಳುವ ಧೈರ್ಯ ಇರಲಿಲ್ಲ.

ಇಪ್ಪತ್ತೆರಡಕ್ಕೆ ಅವಳ ಮದುವೆಯಾಗಿತ್ತು, ಸಿಂದಗಿಗೆ. ಮಾತಿಗೊಮ್ಮೆ ಕೈ ಎತ್ತುವ ಗಂಡ. ಮೂರು ವರ್ಷ ಸಹಿಸಿ, ಒಂದು ಮಧ್ಯಾಹ್ನ ಅರಿವೆಯ ಚೀಲ ಹಿಡಿದು ಇಂಡಿ ಬಸ್ಸು ಹತ್ತಿ ಹೊರ್ತಿಗೆ, ಅಪ್ಪನ ಮನೆಗೆ ಬಂದವಳು ತಿರುಗಿ ಹೋಗಲಿಲ್ಲ. ವಿಚ್ಛೇದನದ ಸೋಡಚೀಟಿ ಆಗಿ ನಾಲ್ಕು ವರ್ಷ ಕಳೆದಿತ್ತು. ಊರು ಮಾತ್ರ ಇನ್ನೂ "ಗಂಡ ಬಿಟ್ಟಾಕಿ" ಎನ್ನುತ್ತಿತ್ತು. ಬಿಟ್ಟವಳು ತಾನೇ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಒಂದು ಸೋಮವಾರ ಕಾಂತು ಪ್ಲಾಸ್ಟಿಕ್ ಕುರ್ಚಿ ತಂದ. ಒಂದು ಕಾಲು ಮುರಿದಿತ್ತು.

ರಾಜಶ್ರೀ ಅದನ್ನು ಹೊರಳಿಸಿ ನೋಡಿದಳು. ಧೂಳಿಲ್ಲ. ಗೀರಿಲ್ಲ. ಬೆನ್ನಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಇದು ಹೊಸಾದ ಐತಲ್ರಿ?"

"ಮುರದೈತಲ್ರಿ."

"ಹೆಂಗ ಮುರೀತು?"

ಕಾಂತು ನೆಲ ನೋಡಿದ. "ಅದು... ಹಂಗ ಮುರೀತ್ರಿ."

ಅವನ ಕಿವಿಗಳು ಕೆಂಪಾಗಿದ್ದವು. ರಾಜಶ್ರೀಗೆ ನಗು ಬಂತು, ನಗಲಿಲ್ಲ. ಅವನು ಹೋದ ಮೇಲೆ ಜಾಸ್ಮಿನಳನ್ನು ಕರೆದು ಕುರ್ಚಿ ತೋರಿಸಿದಳು.

"ಮನ್ಯಾಗಿನ ಹಳೇ ಸಾಮಾನು ತೀರ್ಯಾವ," ಎಂದಳು ಜಾಸ್ಮಿನ. "ಹೊಸಾದು ಕೊಂಡು ತಾನ ಮುರದು ತಂದಾನ. ಇನ್ನೂ ತಿಳೀವಲ್ದೇನು ನಿನಗ?"

"ತಿಳೀವಲ್ದು."

ಸುಳ್ಳಲ್ಲ ಅದು. ಪೂರ್ತಿ ನಿಜವೂ ಅಲ್ಲ. ಅಂದು ಸಂಜೆಯವರೆಗೆ ಒಂದೇ ಸಾಲನ್ನು ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದಳು.

ಎರಡು ದಿನದ ನಂತರ ಕಾಂತುವಿನ ತಾಯಿ ಇಂದ್ರಾಬಾಯಿ ತಾನಾಗಿಯೇ ಗಿರಣಿಗೆ ಬಂದಳು. ಹೊರಸಿನ ಮೇಲೆ ಕುಳಿತಳು, ಬುಟ್ಟಿ ಎತ್ತಿ ನೋಡಿದಳು, ನೀರು ಕೇಳಿ ಕುಡಿದಳು. ರಾಜಶ್ರೀ ಹೆಣೆಯುತ್ತಲೇ ಇದ್ದಳು.

"ನಮ್ಮ ಕಾಂತುಂದು ಸಣ್ಣಾಂವ ಇದ್ದಾಗಿಂದ ಇದ ಚಟ ನೋಡವಾ," ಎಂದಳು ಇಂದ್ರಾಬಾಯಿ. "ಮಂದಿ ಒಗದಿದ್ದು ಕಂಡ್ರ ಸಾಕು, ಕನಿಕರ ಬಂದು ಮನಿಗೆ ತರ್ತಾನ. ನಾ ಎಷ್ಟಂತ ಇಟಗೊಳ್ಳಲಿ?"

ರಾಜಶ್ರೀಯ ಕೈ ನಿಂತಿತು.

ಮಂದಿ ಒಗೆದದ್ದು... ಕನಿಕರ...

ಇಂದ್ರಾಬಾಯಿ ಅವಳ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆದರೆ ಹೇಳದೆ ಎದ್ದು ಹೋದಳು.

ಅಂದರೆ ಇದು! ಐದು ತಿಂಗಳ ಒಗಟು ಒಂದೇ ಮಾತಿನಲ್ಲಿ ಬಿಚ್ಚಿಕೊಂಡಂತಾಯಿತು ಅವಳಿಗೆ. ರಿಮ್ಮು, ಜಾಳಿಗೆ, ಛತ್ರಿ, ಅವುಗಳ ಸಾಲಿನಲ್ಲಿ ತಾನು. ಪ್ರೀತಿಯಲ್ಲ. ಕನಿಕರ.

ಮುಂದಿನ ಸೋಮವಾರ ಕಾಂತು ಬಂದಾಗ ಅವಳು ಹೊಸ್ತಿಲಲ್ಲೇ ನಿಂತಿದ್ದಳು.

"ಇನ್ನ ಮ್ಯಾಲ ಏನೂ ತರಬ್ಯಾಡ್ರಿ."

"ಯಾಕ್ರಿ? ಏನರ ತಪ್ಪಾತೇನು?"

"ಏನೂ ಇಲ್ಲ. ತರಬ್ಯಾಡ್ರಿ ಅಷ್ಟ."

ಅವನು ನಿಂತ. ತುಟಿ ಅಲುಗಿತು. ತಲೆಯಾಡಿಸಿ ತಿರುಗಿ ನಡೆದ.

ಅವನು ಇನ್ನೊಂದು ಮಾತು ಕೇಳಬಾರದಿತ್ತೇ? ಬೇಡವೆಂದವಳು ತಾನೇ; ಹೋದನೆಂದು ಸಿಟ್ಟಾದವಳೂ ತಾನೇ. ರಾಜಶ್ರೀಗೆ ತನ್ನ ಮನಸ್ಸೇ ತನಗೆ ಅರ್ಥವಾಗಲಿಲ್ಲ.

ಮೂರು ಸೋಮವಾರ ಕಳೆದವು. ರಸ್ತೆಯಲ್ಲಿ ಬೈಕಿನ ಸದ್ದಾದರೆ ಕೈ ನಿಲ್ಲುತ್ತಿತ್ತು. ನಿಂತದ್ದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಊಟ ರುಚಿಸಲಿಲ್ಲ.

"ಹೋಗಿ ಕೇಳು," ಎಂದಳು ಜಾಸ್ಮಿನ.

"ಏನಂತ ಕೇಳ್ಲಿ?"

"ಇಲ್ಲಿ ಕುಂತು ಗ್ವಾಡಿಗೆ ಏನು ಕೇಳಾಕತ್ತೀಯೋ ಅದನ್ನ."

ರಾಜಶ್ರೀ ಮರುದಿನ ಮಧ್ಯಾಹ್ನ ಕಾಂತುವಿನ ತೋಟಕ್ಕೆ ಹೊರಟಳು. ಎರಡು ಮೈಲಿ ಕಾಲುದಾರಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ತೋಟ ಕಂಡೊಡನೆ ಎಲ್ಲವೂ ಮರೆತುಹೋಯಿತು.

ಮನೆಯ ಮುಂದೆ ಇಂದ್ರಾಬಾಯಿ ಲಿಂಬೆಹಣ್ಣು ಆರಿಸುತ್ತಿದ್ದಳು. ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದಳು.

"ಬಾ ತಂಗಿ. ನೀ ಬರ್ತಿ ಅಂತ ಗೊತ್ತಿತ್ತು."

"ಅವ್ವಾರ, ಅವತ್ತ ನೀವು ಒಂದು ಮಾತು ಅಂದ್ರಿ..."

"ಅಂದೆ. ನಾ ಅಂದದ್ದು ಸಾಮಾನಿನ ಮಾತು. ನಿನ್ನ ಮಾರಿ ನೋಡಿದ ಮ್ಯಾಲ ಅದು ಎಲ್ಲಿ ಹೋಗಿ ತಾಗಿತು ಅಂತ ತಿಳೀತು." ಇಂದ್ರಾಬಾಯಿ ಸೆರಗು ಸರಿಮಾಡಿಕೊಂಡಳು. "ಅವಾಗ ತಿದ್ದಬೇಕಿತ್ತು. ತಿದ್ದಲಿಲ್ಲ. ಸೋಡಚೀಟಿ ಆದಾಕಿ ನನ್ನ ಮಗಗ ಬ್ಯಾಡ ಅಂತ ಮನಸಿನ್ಯಾಗ ಒಂದು ಮೂಲಿಯೊಳಗ ಇತ್ತು ಕಾಣ್ತೈತಿ. ಸುಳ್ಳ್ಯಾಕ ಹೇಳ್ಲಿ?"

ರಾಜಶ್ರೀ ತೋಟದ ಕಡೆ ನೋಡಿದಳು.

"ಮೂರು ವಾರದಿಂದ ಅವ ನೆಟ್ಟಗ ಉಂಡಿಲ್ಲ. ಗಿಡದ ಸಾಲಿನ್ಯಾಗ ಅದಾನ, ಹೋಗು. ನನ್ನ ಮ್ಯಾಲಿನ ಸಿಟ್ಟು ಅವನ ಮ್ಯಾಲ ಹಾಕಬ್ಯಾಡ."

ಕಾಂತು ಗಿಡದ ಬುಡ ಅಗೆಯುತ್ತಿದ್ದ. ಅವಳನ್ನು ನೋಡಿ ಸಲಿಕೆ ಕೈಬಿಟ್ಟ.

"ಒಂದು ಕೇಳ್ತೇನಿ. ಖರೇ ಹೇಳ್ರಿ," ಎಂದಳು ರಾಜಶ್ರೀ. "ಯಾರೋ ಒಗದ ಸಾಮಾನು ಅಂತ ತಿಳದು, ಕನಿಕರಕ್ಕ ಬರ್ತಿದ್ರೇನು ನನ್ನ ಹತ್ರ? ನನ್ನ ಯಾರೂ ಒಗದಿಲ್ಲ. ನಾನ ಬಿಟ್ಟು ಬಂದೇನಿ."

"ಗೊತ್ತೈತ್ರಿ."

"ಮತ್ತ?"

ಕಾಂತು ಬಿದ್ದ ಸಲಿಕೆಯನ್ನು ಎತ್ತಿ ಗಿಡಕ್ಕೆ ಆನಿಸಿದ. ಹಣೆಯ ಬೆವರು ಗಲ್ಲಕ್ಕಿಳಿಯಿತು. ಹೆಣ್ಣು ನೋಡಲು ಹೋದಾಗಲೆಲ್ಲ ಕೈಕೊಟ್ಟ ಮಾತು ಇವತ್ತೂ ಕೈಕೊಡುತ್ತದೆಂದು ಅವನು ಹೆದರಿದ್ದ.

"ಸಾಮಾನಾಗಿದ್ರ ಕೇಳೂದು ಇರ್ತಿರಲಿಲ್ಲ ರೀ," ಎಂದ ಕೊನೆಗೆ. "ಎತ್ತಿಕೊಂಡು ಬರ್ತಿದ್ದೆ. ನಿಮ್ಮನ್ನ... ಕೇಳಬೇಕು. ನೀವು ಹೂಂ ಅನ್ನಬೇಕು. ಅದ ಕೇಳಾಕ ಬರ್ತಿದ್ದೆ ಪ್ರತಿ ಸೋಮವಾರ. ಬಾಯಿ ಬರ್ತಿದ್ದಿಲ್ಲ."

ರಾಜಶ್ರೀಯ ಕಣ್ಣು ತುಂಬಿತು. ನಂಬಲೋ ಬೇಡವೋ? ಒಮ್ಮೆ ನಂಬಿ ಸಿಂದಗಿಗೆ ಹೋಗಿದ್ದಳು...

"ನನಗ ಅಂಜಿಕಿ ಐತ್ರಿ."

"ನನಗೂ ಐತಿ."

"ನಿಮಗ್ಯಾತರದು?"

"ನೀವು ಒಲ್ಲೆ ಅಂತೀರಿ ಅಂತ."

ಅವಳು ಅಳುತ್ತಲೇ ನಕ್ಕಳು. ಮುಖ ಒರೆಸಿಕೊಳ್ಳುವವರೆಗೆ ಅವನು ಕಾದ. ಹತ್ತಿರ ಬರಲಿಲ್ಲ, ದೂರವೂ ಸರಿಯಲಿಲ್ಲ. ಅವನು ಹಾಗೆ ನಿಂತದ್ದರಲ್ಲೇ ಅವಳ ಎದೆಯೊಳಗೆ ಏನೋ ಮೆತ್ತಗಾಯಿತು.

"ನಾ ಗಿರಣಿ ಬಿಡಂಗಿಲ್ಲ," ಎಂದಳು.

"ಬಿಡ್ರಿ ಅಂತ ಯಾರು ಅಂದಾರ?"

"ನಾಡದು ನಿಮ್ಮ ಅವ್ವಾರನ್ನ ಕರಕೊಂಡು ನಮ್ಮ ಮನಿಗೆ ಬರ್ರಿ. ಅಪ್ಪನ ಕೂಡ ಮಾತಾಡ್ರಿ."

ಕಾಂತು ಅವಳನ್ನೇ ನೋಡಿದ.

"ಅಂದ್ರ... ಹೂಂ ಅಂದಂಗೇನ್ರಿ?"

"ಬರ್ರಿ ಅಂದೆನಲ್ಲ. ಮತ್ತ ಅದನ್ನೂ ಕೇಳಬೇಕೇನು?"

"ಕೇಳಬೇಕ್ರಿ."

ರಾಜಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

"ಹೂಂ," ಎಂದಳು.