ಮಾಳಿಗೆಯ ಬಿಸಿಲು

ಒಲೆ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಹೊಸ ಮನೆಯ ನಡುಮನೆಯಲ್ಲಿ ಬೂದುಬಣ್ಣದ ಒಂದು ಕಲ್ಲಿನ ಮೇಲೆ ಹಾಲಿನ ಪಾತ್ರೆ ಕೂತಿತ್ತು. ಕಲ್ಲಿನ ಬದಿಯ ಸಣ್ಣ ಕೊಳವೆಯಿಂದ ನೀರು ಹನಿಹನಿಯಾಗಿ ಒಳಗಿಳಿಯುತ್ತಿತ್ತು, ಹಾಲು ಬಿಸಿಯೇರುತ್ತಿತ್ತು. ಹೊರಗೆ ದೂರದ ಉತ್ತರದ ಬೆಟ್ಟಗಳ ಲಾಹೌಲ್ ಕಣಿವೆಯಲ್ಲಿ ಆ ವರ್ಷದ ಮೊದಲ ಹಿಮ ಬೀಳತೊಡಗಿತ್ತು.

“ಇದಕ್ಕ ಬಿಸಿಲುಗಲ್ಲು ಅಂತೀವ್ರಿ,” ಎಂದರು ಡಾ. ರಿಹಾನಾ ಪಟೇಲ್. ಯಾದಗಿರಿಯವರು; ಬದುಕಿನ ಹತ್ತೊಂಬತ್ತು ವರ್ಷ ಈ ಕಲ್ಲಿಗೇ ಸುರಿದ ವಿಜ್ಞಾನಿ. “ಹೆಸರಿಗಷ್ಟೇ ಕಲ್ಲು, ಒಳಗಿರೋದು ಉಪ್ಪು. ಸುಣ್ಣದ ಕಲ್ಲಿಗಿ ನೀರು ಹಾಕಿದ್ರ ಕುದೀತದಲ್ಲ, ಹಂಗೇ. ಬ್ಯಾಸಿಗ್ಯಾಗ ಕಲಬುರಗಿ ಮಾಳಗಿ ಮ್ಯಾಲ ಹಸೀ ಕಲ್ಲು ಹಾಸ್ತೀವಿ. ಬಿಸಿಲೆಲ್ಲಾ ಅದನ್ನ ಒಣಗಸೋದ್ರಾಗೇ ಖರ್ಚಾಗ್ತದ, ಕೆಳಗಿನ ಮನಿ ತಂಪಿರ್ತದ. ಒಣಗಿದ ಕಲ್ಲು ಮುಚ್ಚಿಟ್ರ ಆ ಶಾಖ ಆರು ತಿಂಗಳಾದ್ರೂ ಹೋಗಂಗಿಲ್ಲ. ನೀರು ಸೋಕಿತೋ, ಹೊರಗ ಬರ್ತದ.”

ಮನೆಯ ಯಜಮಾನಿ ಅಂಬಿಕಾ ತಲೆಯಾಡಿಸಿದಳೇ ಹೊರತು ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿಗೊಮ್ಮೆ, ಬಾಗಿಲಿಗೊಮ್ಮೆ ಓಡಾಡುತ್ತಲೇ ಇದ್ದಳು. ಕಲಬುರಗಿಯಲ್ಲಿ ಉಷ್ಣಾಂಶ ಐವತ್ತೊಂದು ಡಿಗ್ರಿ ಮುಟ್ಟಿದ ವರ್ಷ ಅವಳ ಮಗಳು ಪೂರ್ವಿ ಶಾಲೆಯ ಅಂಗಳದಲ್ಲಿ ಕುಸಿದುಬಿದ್ದಿದ್ದಳು. ಮಗಳು ಆಸ್ಪತ್ರೆಯಿಂದ ಬಂದ ದಿನವೇ ಊರು ಬಿಡುವುದೆಂದು ತೀರ್ಮಾನವಾಗಿತ್ತು. ಆಗ ಅಂಥ ನೂರಾರು ಸಂಸಾರಗಳು ಚಳಿಯ ನಾಡಿನತ್ತ ಗಂಟುಮೂಟೆ ಕಟ್ಟಿದ್ದವು. ಈಗ ಮನೆಯೇನೋ ಎದ್ದಿತ್ತು. ಅದನ್ನು ಬೆಚ್ಚಗಿಡಲು ಕರೆಂಟಿನ ಹೀಟರೋ ಬಿಸಿಲುಗಲ್ಲೋ ಎಂಬುದನ್ನು ಗಂಡ ಅವಳಿಗೇ ಬಿಟ್ಟು ಕೆಲಸಕ್ಕೆ ಹೋಗಿದ್ದ. ಇವತ್ತೇ ಹೇಳಬೇಕು, ಹಿಮ ಬಲಿತರೆ ಲಾರಿಗಳು ಬರುವುದಿಲ್ಲ. ಯಾವ ಬಿಸಿಲಿಗೆ ಹೆದರಿ ಸಾವಿರ ಮೈಲಿ ಓಡಿ ಬಂದಳೋ ಅದನ್ನೇ ಕರೆದು ಗೋಡೆಯೊಳಗೆ ಕೂರಿಸಿಕೊಳ್ಳಬೇಕೆ? ಒಳ್ಳೆ ಪೀಕಲಾಟಕ್ಕೆ ಬಂತು.

ಹಾಲು ಪಾತ್ರೆಯ ಅಂಚಿಗೆ ಬಂತು. ರಿಹಾನಾ ಇಳಿಸಲು ಕೈ ಚಾಚಿದರು. ಅಂಬಿಕಾಳ ಅತ್ತೆ ಜಗದೇವಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬಿಡ್ರಿ ಮೇಡಮ್! ಹೊಸ ಮನ್ಯಾಗ ಹಾಲು ಉಕ್ಕಬೇಕು. ಅರ್ಧಕ್ಕ ಇಳಸಿದ್ರ ಛಲೋ ಅಲ್ಲ.”

“ಅಮ್ಮಾ, ಕಲ್ಲಿನ ಮ್ಯಾಲ ಚೆಲ್ಲಬಾರದ್ರಿ! ಮೂರು ದಿನದ ಶಾಖ ಒಂದೇ ಸರ್ತಿ...”

ಅಷ್ಟರಲ್ಲಿ ಹಾಲು ಉಕ್ಕಿತು. ಉಕ್ಕಿದ್ದು ಸಾಲದೆಂಬಂತೆ ಎಳೆದಾಟದಲ್ಲಿ ಪಾತ್ರೆಯೇ ಮಗುಚಿತು. ಕಲ್ಲು ಭುಸುಗುಟ್ಟಿತು. ಸೀದ ಹಾಲಿನ ವಾಸನೆಯ ಜೊತೆಗೆ ಕಾದ ಗಾಳಿ ಮುಖಕ್ಕೆ ರಾಚಿತು. ನಿಮಿಷದೊಳಗೆ ಕೋಣೆಯಲ್ಲಿ ಕಲಬುರಗಿಯ ಮೇ ತಿಂಗಳು ತುಂಬಿಕೊಂಡಿತು. ಮಗಳು ಶಾಲೆಯಲ್ಲಿದ್ದಾಳೆ ಎಂಬುದೂ ಮರೆತು ಅಂಬಿಕಾ “ಪೂರ್ವೀ!” ಎಂದು ಚೀರಿ ಹೊರಗೋಡಿದಳು. ಹಿಂದೆಯೇ ಇಬ್ಬರೂ ಓಡಿ ಬಂದರು.

ಹಿಮದಲ್ಲಿ ನಿಂತು ಜಗದೇವಿ ಸೆರಗಿನಿಂದ ಬೆವರು ಒರೆಸಿಕೊಂಡರು. “ಏನೇ ಆಗ್ಲಿ, ಉಕ್ಕಿತಲ್ಲ,” ಎಂದು ಮೆಲ್ಲಗೆ ಗೊಣಗಿದರು.

“ನನಗ ಕರೆಂಟಿಂದೇ ಸಾಕ್ರಿ,” ಎಂದಳು ಅಂಬಿಕಾ. “ಈ ಬಿಸಿಲಿನ ಸಹವಾಸ ಬ್ಯಾಡ.”

“ಆಯ್ತ್ರಿ, ನಿಮ್ಮಿಷ್ಟ.” ರಿಹಾನಾ ಒತ್ತಾಯ ಮಾಡಲಿಲ್ಲ. ಕೋಟಿನ ಜೇಬಿನಿಂದ ಮಡಿಚಿದ ಒಂದು ಪಟ್ಟಿ ತೆಗೆಯುತ್ತ ಹೇಳಿದರು, “ಖರೇ ಹೇಳ್ತೀನಿ, ನನಗ ನಿದ್ದಿ ಬರಂಗಿಲ್ಲ. ಒಣಗಿದ ಕಲ್ಲು ಮತ್ತ ಬಿಸಿಲು ಹಿಡಿಯಂಗಿಲ್ಲ. ಇಲ್ಲಿ ಯಾರರೆ ಅದರ ಶಾಖ ತಗೊಂಡು ವಾಪಸ್ ಕಳಿಸಿದ್ರೇ ಅಲ್ಲಿ ಮುಂದಿನ ಬ್ಯಾಸಿಗಿಗಿ ಮನಿ ತಂಪು. ಅಲ್ಲಿ ಮಾಳಗಿ ಲಕ್ಷ ಅವ. ಅಷ್ಟು ಚಳಿ ಮನಿ ಎಲ್ಲಿಂದ ತರ್ಲಿ?”

“ಅಲ್ಲೇ ನೀರು ಸುರದು ಖಾಲಿ ಮಾಡ್ರಲ್ಲ,” ಎಂದಳು ಅಂಬಿಕಾ.

“ಓಣ್ಯಾಗೇ ಬಿಟ್ರ ಓಣಿನೇ ಬೇಯ್ತದ. ಅದಕ್ಕ, ಯಾರ ಮಾಳಗಿ ಕಲ್ಲು ಬೇಕು ಅಂತ ತಗೊಳ್ಳೋರಿಗೇ ಕೇಳ್ತೀವಿ. ಆರಿಸೋ ಧೈರ್ಯ ನನಗಿಲ್ಲ.”

ಅವರು ಕೊಟ್ಟ ಮಾಳಿಗೆಗಳ ಪಟ್ಟಿಯನ್ನು ಅಂಬಿಕಾ ಸುಮ್ಮನೆ ನೋಡುವಂತೆ ನೋಡಿದಳು. ಆದರೂ ಬೆರಳು ತಾನಾಗಿ ತನ್ನ ಓಣಿಯನ್ನೇ ಹುಡುಕಿತು. ಅಲ್ಲಿತ್ತು: ತಾರಾಬಾಯಿ, ನೂರಿಪ್ಪತ್ತು ಕಲ್ಲು, ಶಾಖ ತುಂಬಿವೆ, ಕೇಳಿದವರಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಯಾಕೆ. ಪೂರ್ವಿ ಬಿದ್ದ ದಿನ ಎಲ್ಲರಿಗಿಂತ ಮೊದಲು ಶಾಲೆಗೆ ಓಡಿಹೋಗಿ ಅವಳನ್ನು ಎತ್ತಿಕೊಂಡವಳು. ಊರು ಬಿಡಲು ಅನುಕೂಲವಿಲ್ಲದೆ ಅಲ್ಲೇ ಉಳಿದವಳು.

ಅಂಬಿಕಾಗೆ ತಡೆಯಲಾಗಲಿಲ್ಲ, ಫೋನು ಹಚ್ಚಿದಳು. “ತಾರಕ್ಕಾ, ನಿಮ್ಮ ಮಾಳಗಿ ಕಲ್ಲು ನಮ್ಮನಿಗಿ ತರಸಲೇನು?”

ಆ ಕಡೆಯಿಂದ ನಗು ಕೇಳಿಸಿತು. “ಅದರಾಗ ಕೇಳೋದೇನದ ತಂಗಿ? ಹನ್ನೆರಡು ವರ್ಷ ನಿಮ್ಮ ಏಸಿ ಡಬ್ಬಿ ನಮ್ಮ ಕಿಟಕಿ ಮುಂದೇ ಇತ್ತಲ್ಲ. ನಿಮ್ಮನಿ ಶಾಖೆಲ್ಲಾ ನಮ್ಮಲ್ಲಿಗೇ ಬರ್ತಿತ್ತು. ನಾ ಮಂಚ ಎತ್ತಿ ಅಡಗಿಮನ್ಯಾಗ ಹಾಕ್ಕೊಂಡಿದ್ದೆ. ಈಗ ನಮ್ಮನಿದು ನಿಮ್ಮಲ್ಲಿಗಿ ಬರ್ಲಿ ಬಿಡು.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಂಬಿಕಾಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮಂಚದ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ನೂರಿಪ್ಪತ್ತೂ ಕಲ್ಲು ಬೇಕೆಂದು ಬರೆದುಕೊಟ್ಟಳು. ಬರೆದ ಮೇಲೂ ಸಮಾಧಾನವಾಗದೆ, ಯಾರೂ ಕೇಳದ ಉಳಿದ ಹೆಸರುಗಳ ಮೇಲೆ ಕಣ್ಣಾಡಿಸುತ್ತಲೇ ನಿಂತಳು.

ಅವಳು ಹೊಸ ಸೊಸೆಯಾಗಿದ್ದ, ಓಣಿಯ ಮನೆಮನೆಗೂ ಏಸಿ ಬರುತ್ತಿದ್ದ ಕಾಲ ನೆನಪಾಯಿತು. ಕೂರಿಸಲು ಬಂದವನು ಡಬ್ಬಿ ಹಿಡಿದು ನಿಂತು, ಇದರ ಮುಖ ಯಾವ ಕಡೆ ಇರಲಿ ಎಂದು ಕೇಳಿದ್ದ. ಹೊರಗಿನ ಕಡೆ, ಎಂದಿದ್ದಳು ಅಂಬಿಕಾ. ಹೊರಗೆ ಎಂದರೆ ಯಾರ ಮನೆ ಎಂದು ಅವನು ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ.