ಮೋಟಾರು ಮುಗ್ಧಾಳದು

ಬೆಳಗಾವಿಯ ರಾಮತೀರ್ಥ ನಗರದ ಆ ವರ್ಕ್‌ಶಾಪಿಗೆ ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ಬಂದರು. ಮೆಕ್ಯಾನಿಕ್ ಗೌರೀಶ ಮಾತಾಡಿಸಿದ್ದು ಮಾತ್ರ ಅಣ್ಣನನ್ನು.

ಜಗಳ ಹುಟ್ಟಿದ್ದು ಅಲ್ಲಿಂದಲೇ.

ಅಣ್ಣ ವಿಕ್ರಮ ಹೆಗಲ ಮೇಲಿನ ಮೋಟಾರನ್ನು ಮೇಜಿನ ಮೇಲೆ ಇಳಿಸಿದ. ಉದ್ದನೆಯ ಕಂಬಿ, ಮೇಲೆ ಹಿಡಿಕೆ, ಕೆಳಗೆ ಎರಡು ರೆಕ್ಕೆಯ ಪುಟ್ಟ ಫ್ಯಾನು. ಒಬ್ಬರೇ ಕೂತು ಮೀನು ಹಿಡಿಯಲು ಹೋಗುವ ಕಯಾಕಿಗೆ, ಆ ಅಗಲವಾದ ಪುಟ್ಟ ದೋಣಿಗೆ, ಕಟ್ಟುವ ಬ್ಯಾಟರಿ ಮೋಟಾರು ಅದು. ಎಲೆಕ್ಟ್ರಿಕ್ ಸ್ಕೂಟರು ರಿಪೇರಿ ಮಾಡುವ ಗೌರೀಶನ ಅಂಗಡಿಗೆ ಇಂಥದ್ದು ಬಂದದ್ದು ಇದೇ ಮೊದಲು. ಹೊಸ ಆಟಿಕೆ ಸಿಕ್ಕವನಂತೆ ಅವನ ಮುಖ ಅರಳಿತು.

"ಯಾವಾಗಿಂದ ನಡಸಾಕತ್ತೀರಿ ಸರ್?"

ವಿಕ್ರಮ ಹೇಳಿದ.

"ನಿಲ್ಲೂಕಿಂತ ಮೊದಲ ಏನರ ಸಪ್ಪಳ ಬಂತೇನ್ರಿ ಸರ್?"

ವಿಕ್ರಮ ಬಾಯಿ ತೆರೆಯುವಷ್ಟರಲ್ಲಿ ಮುಗ್ಧಾ ಅಣ್ಣನನ್ನು ಬಾಜುಕ್ಕೆ ಸರಿಸಿ ಮೇಜಿನ ಮುಂದೆ ಬಂದು ನಿಂತಳು.

"ಮೋಟಾರು ನಂದ್ರಿ. ನಡಸಾಕಿ ನಾನು. ಸಪ್ಪಳ ಕೇಳಿದಾಕಿನೂ ನಾನ. ದಾದಾ ದಂಡಿ ಮ್ಯಾಲ ಚಹಾ ಕುಡಕೋಂತ ನಿಂತಿದ್ದ."

ಗೌರೀಶನ ಕಿವಿಗಳು ಕೆಂಪಾದವು. ಅದನ್ನು ಮುಗ್ಧಾ ನೋಡಿದಳು, ನೋಡಿ ಒಳಗೊಳಗೇ ಖುಷಿಪಟ್ಟಳು. ಅವನು ಕೈಯಲ್ಲಿದ್ದ ಬಟ್ಟೆಯಿಂದಲೇ ಸ್ಟೂಲು ಒರೆಸಿ ಅವಳ ಕಡೆ ಜರುಗಿಸಿದ.

"ತಪ್ಪಾತ್ರಿ. ಕುಂದರ್ರಿ. ನೀವ ಹೇಳ್ರಿ, ಎಂಥಾ ಸಪ್ಪಳ?"

"ಗಿರಣ್ಯಾಗ ಜೋಳದ ಕೂಡ ಕಲ್ಲ ಸಿಕ್ಕಂಗ."

ಅವನು ನಕ್ಕುಬಿಟ್ಟ. ನಗಿಸಬೇಕೆಂದು ಅವಳು ಹೇಳಿರಲಿಲ್ಲ. ಆದರೂ ಆ ನಗು ಕೆಟ್ಟದಾಗಿರಲಿಲ್ಲ.

ಖಾನಾಪುರದ ಮುಗ್ಧಾ ಅಪ್ಪನ ಜೊತೆ ಮಲಪ್ರಭೆಯ ದಂಡೆಯಲ್ಲಿ ಗಾಳ ಹಿಡಿದು ಬೆಳೆದವಳು. ಈಗ ಬೆಳಗಾವಿಯ ಕೋಟೆಯ ಹತ್ತಿರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕಯಾಕು ಕೊಂಡು ನೀರಿನ ನಡುವಿಗೇ ಹೋಗತೊಡಗಿದ್ದಳು. ಆಮೇಲೆ ರಸ್ತೆಯಲ್ಲಿ ಒಂದು ಟೆಂಪೋ ಅವಳ ಸ್ಕೂಟಿಗೆ ಗುದ್ದಿತು. ಜೀವ ಉಳಿಯಿತು, ಎಡಭುಜದ ನರ ಉಳಿಯಲಿಲ್ಲ. ಎಡಗೈ ಇತ್ತು, ಭಾರ ಇಟ್ಟರೆ ಒತ್ತಿ ಹಿಡಿಯುತ್ತಿತ್ತು, ಹುಟ್ಟು ಹಾಕಲು ಬರುತ್ತಿರಲಿಲ್ಲ. ಅದಕ್ಕೇ ಮೋಟಾರು. ಅದು ನಡೆದರೆ ಅವಳು ಯಾರ ಹಂಗೂ ಇಲ್ಲದೆ ಹೋಗಿ ಬರಬಹುದಿತ್ತು. ಅದು ನಿಂತ ದಿನ ನಾಲ್ಕು ಜನ ಗಂಡಸರು ಹಗ್ಗ ಕಟ್ಟಿ ಅವಳನ್ನು ದಂಡೆಗೆ ಎಳೆದು ತಂದಿದ್ದರು. ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ.

ಗೌರೀಶ ನಟ್ಟು ಬಿಚ್ಚಿ ಫ್ಯಾನನ್ನು ಹೊರಗೆಳೆದ. ಅದರ ಹಿಂದೆ ಗಾಳದ ದಾರ ಕೂದಲಿನ ಗಂಟಿನಂತೆ ಸುತ್ತಿಕೊಂಡಿತ್ತು.

"ಇಲ್ಲಿ ನೋಡ್ರಿ. ದಾರ ಸುತ್ಕೊಂಡು, ನೀರ ತಡಿಯೂ ಸೀಲು ಕೊಯ್ದೈತಿ. ಒಳಗ ನೀರು ಹೋಗೈತಿ. ಬಿಟ್ಟು ಹೋಗ್ರಿ, ಮಾಡಿ ಇಟ್ಟಿರ್ತೀನಿ."

"ಮಾಡಿ ಇಡಬ್ಯಾಡ್ರಿ. ಮಾಡೂದು ಕಲಸ್ರಿ."

ವಿಕ್ರಮ ಮೆಲ್ಲಗೆ, "ಮುಗ್ಧಾ, ನಿನ್ನ ಕೈ..." ಎಂದ.

"ಇನ್ನೊಂದು ಐತಲ್ಲ ದಾದಾ."

ವಿಕ್ರಮ ನಿಟ್ಟುಸಿರುಬಿಟ್ಟ. ತಂಗಿಯ ಮೇಲೆ ಅವನಿಗೆ ಜೀವ. ಆ ಜೀವವೇ ಅವನನ್ನು ಅಂಜಿಸುತ್ತಿತ್ತು. "ಆತು. ಕಲಿ. ಆದ್ರ ಇನ್ನೊಂದ್ಸಲ ನಡುನೀರಾಗ ನಿಂತ್ರ ಕಯಾಕು ಮಾರೂದ. ಖರೇ ಹೇಳಾಕತ್ತೀನಿ."

ಗೌರೀಶ ಇಬ್ಬರನ್ನೂ ನೋಡಿದ. ಆಮೇಲೆ ನಟ್ಟು ಬಿಚ್ಚುವ ಪಾನಾವನ್ನು ಮುಗ್ಧಾಳ ಬಲಗೈಗೆ ಕೊಟ್ಟ.

*

ಶನಿವಾರ ಆಫೀಸು ಅರ್ಧ ದಿನ. ಮುಗ್ಧಾ ಊಟದ ಡಬ್ಬಿ ಹಿಡಿದು ನೇರ ವರ್ಕ್‌ಶಾಪಿಗೆ ಬರುತ್ತಿದ್ದಳು.

ಗೌರೀಶ ಒಂದೊಂದಾಗಿ ಕಲಿಸಿದ. ಮೊದಲು, ಮೋಟಾರು ತಿರುಗದಂತೆ, ಅದರ ಕೆಂಪು ಸೇಫ್ಟಿ ಕೀಲಿ ಕಿತ್ತು ಜೇಬಿಗೆ ಹಾಕಬೇಕು, ಆಮೇಲೇ ಫ್ಯಾನಿಗೆ ಬೆರಳು ಹಚ್ಚಬೇಕು. ಪ್ರತಿ ಸಲ ನೀರಿನಿಂದ ಬಂದ ಮೇಲೆ ಫ್ಯಾನಿನ ಹಿಂದೆ ದಾರ, ಜೊಂಡು ನೋಡಬೇಕು. ಬ್ಯಾಟರಿಯ ವೈರಿನ ತುದಿಗೆ ಹಸಿರು ಕಿಲುಬು ಹತ್ತಿದ್ದರೆ ಉಜ್ಜಿ ಗ್ರೀಸು ಸವರಬೇಕು. ಫ್ಯಾನಿನ ನಡುವೆ ಬೆರಳುದ್ದದ ಪಿನ್ನು ಇರುತ್ತದೆ. ಫ್ಯಾನು ಕಲ್ಲಿಗೋ ಬೊಡ್ಡೆಗೋ ಬಡಿದರೆ ಆ ಪಿನ್ನು ತಾನು ಮುರಿದು ಮೋಟಾರನ್ನು ಉಳಿಸುತ್ತದೆ.

"ಪಾಪ ಪಿನ್ನು," ಎಂದಳು ಮುಗ್ಧಾ.

"ಪಾಪ ಯಾಕ್ರಿ? ಅದರ ಕೆಲಸಾನ ಅದು. ಇನ್ನೊಂದು ಪಿನ್ನು ಕೂಡ ಇಟ್ಕೋರಿ, ಆತು." ಅವನು ಫ್ಯಾನನ್ನು ಮೂಸಿ ಮುಖ ಸಿಂಡರಿಸಿದ. "ಇಡೀ ಅಂಗಡಿಗೆ ಮೀನದ ವಾಸನಿ ಹಚ್ಚಿದ್ರಿ ನೋಡ್ರಿ. ನಮ್ಮವ್ವ ನನ್ನ ಅಂಗಿ ಮೂಸಿ ಮೂಸಿ ನೋಡಾಕತ್ತಾಳ."

"ಏನಂತಾರ?"

"ಹುಡುಗ ಹಾದಿ ಬಿಟ್ಟಾನ ಅಂತಾಳ."

"ಬಿಟ್ಟೀರೇನು?"

ಅವನು ತಲೆ ಬಗ್ಗಿಸಿ ಇಲ್ಲದ ನಟ್ಟು ಹುಡುಕತೊಡಗಿದ. ಕಿವಿ ಮತ್ತೆ ಕೆಂಪು.

ಒಂದು ಶನಿವಾರ ಆಫೀಸು ಬೇಗ ಬಿಟ್ಟಿತು. ಮುಗ್ಧಾ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತವಳು ಒಳಗೆ ಹೋಗದೆ ಅಲ್ಲೇ ಉಳಿದಳು.

ಗೌರೀಶ ತನ್ನ ಎಡಗೈಯನ್ನು ಬೆಲ್ಟಿಗೆ ಕಟ್ಟಿಕೊಂಡಿದ್ದ. ನೆಲದ ಮೇಲೆ ಕುಳಿತು ಫ್ಯಾನನ್ನು ಎರಡು ಮೊಣಕಾಲ ನಡುವೆ ಹಿಡಿದು, ಒಂದೇ ಕೈಯಿಂದ ನಟ್ಟು ಬಿಚ್ಚಲು ಹೆಣಗುತ್ತಿದ್ದ. ನಟ್ಟು ಬಿಚ್ಚಿತು, ಜಾರಿತು, ಬೆಂಚಿನ ಕೆಳಗೆ ಉರುಳಿತು. ಬೈದುಕೊಂಡು ಹುಡುಕಿ ತಂದ. ಮತ್ತೆ ಹಾಕಿದ. ಈ ಸಲ ನಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿದ. ಜಾರಲಿಲ್ಲ. ಒಬ್ಬನೇ ಕೂತು, ಬಾಯಲ್ಲಿ ನಟ್ಟು ಇಟ್ಟುಕೊಂಡೇ ಗೆದ್ದವನಂತೆ ನಕ್ಕ.

ಮುಗ್ಧಾಳ ಎದೆಯಲ್ಲಿ ಏನೋ ಮೆತ್ತಗಾಯಿತು. ಅಪಘಾತದ ನಂತರ ಅವಳ ಕೈಗಾಗಿ ಮರುಗಿದವರು ಬಹಳ ಜನ. ಆ ಕೈಯಿಂದ ಒಂದು ಮಧ್ಯಾಹ್ನ ಬದುಕಿ ನೋಡಿದವನು ಇವನೊಬ್ಬನೇ.

ಸದ್ದಾಗದಂತೆ ಹಿಂದೆ ಸರಿದು, ಓಣಿಯ ತುದಿಯವರೆಗೂ ಹೋಗಿ, ಚಪ್ಪಲಿ ಸಪ್ಪಳ ಮಾಡುತ್ತ ಮತ್ತೆ ಬಂದಳು. ಅಷ್ಟರಲ್ಲಿ ಅವನ ಎರಡೂ ಕೈ ಬಿಡುವಾಗಿದ್ದವು.

"ಇವತ್ತ ಹೊಸಾದೊಂದು ಹೇಳ್ಕೊಡ್ತೀನ್ರಿ," ಎಂದ ಗೌರೀಶ. "ನಟ್ಟು ಬಾಯಾಗ ಹಿಡಿಯೂದು."

"ಹೌದಾ? ಎಲ್ಲಿ ಕಲತ್ರಿ?"

"ಹಂಗ... ಹೊಳೀತು."

ಅವಳು ಅವನನ್ನೇ ನೋಡುತ್ತ ನಿಂತಳು. ನೋಟ ಎಷ್ಟು ಹೊತ್ತು ನಿಂತಿತೆಂದರೆ, ಅವನು ಕೊನೆಗೆ ಮುಖ ಒರೆಸಿಕೊಂಡು, "ಗ್ರೀಸು ಹತ್ತೈತೇನ್ರಿ?" ಎಂದು ಕೇಳಿದ.

"ಇಲ್ರಿ," ಎಂದಳು. "ಛಂದ ಐತಿ."

*

ಜನವರಿಯಲ್ಲಿ ಬೆಳಗಾವಿಯ ಮೀನು ಹಿಡಿಯುವ ಹವ್ಯಾಸಿಗಳೆಲ್ಲ ಖಾನಾಪುರದ ಆಚೆ, ಮಲಪ್ರಭೆಗೆ ಕಟ್ಟಿದ ಬಾಂದಾರದ ಹಿನ್ನೀರಿನಲ್ಲಿ ಒಂದು ಭಾನುವಾರ ಸೇರುವುದೆಂದಾಯಿತು. ಮುಗ್ಧಾಳನ್ನು ಹಗ್ಗ ಕಟ್ಟಿ ಎಳೆದವರೂ ಬರುವವರಿದ್ದರು. ಅದಕ್ಕೇ ಅವಳಿಗೆ ಹೋಗಲೇಬೇಕಿತ್ತು.

ಹಿಂದಿನ ದಿನ ಖಾನಾಪುರದ ಮನೆಯ ಅಂಗಳದಲ್ಲಿ ಕುಳಿತು ಫ್ಯಾನು ಬಿಚ್ಚಿದಳು. ಕೈ ಅಲ್ಲೇ ನಿಂತಿತು. ಸೀಲು ಹೊಸದು. ಗ್ರೀಸೂ ಹೊಸದು. ಅವಳು ಹಾಕಿದ್ದಲ್ಲ.

"ಗೌರೀಶ ಬಂದಿದ್ದ," ಎಂದ ವಿಕ್ರಮ, ಕಣ್ಣು ತಪ್ಪಿಸಿ. "ನೀ ಆಫೀಸಿನ್ಯಾಗ ಇದ್ದಿ, ಮನ್ಯಾಗ ನಾ ಒಬ್ಬನ ಇದ್ದೆ. ಒಂದ್ಸಲ ನೋಡಿ ಹೋಗ್ತೀನಿ ಅಂದ."

ಮುಗ್ಧಾ ಗೌರೀಶನಿಗೆ ಫೋನು ಹಚ್ಚಿದಳು.

"ನನ್ನ ಕೆಲಸದ ಮ್ಯಾಲ ನಿಮಗ ನಂಬಿಕಿ ಇಲ್ಲೇನ್ರಿ?"

"ಐತ್ರಿ. ಆದ್ರ ಅಂಜಿಕಿ ಆತ್ರಿ."

"ಎಲ್ಲಾರೂ ಅಂಜತಾರ. ಅಂಜಿ ನನ್ನ ಕೆಲಸ ತಾವ ಮಾಡ್ತಾರ. ನೀವ ಬ್ಯಾರೆ ಅಂತ ತಿಳ್ಕೊಂಡಿದ್ದೆ."

ಫೋನು ಇಟ್ಟಳು. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. ಅವನು ಹಾಕಿದ ಸೀಲು ಕಿತ್ತು ತೆಗೆದಳು, ಅವನ ಗ್ರೀಸನ್ನು ಬಟ್ಟೆಯಿಂದ ಪೂರಾ ಒರೆಸಿದಳು, ತನ್ನ ಡಬ್ಬಿಯಿಂದ ಹೊಸ ಸೀಲು ತೆಗೆದು ಮೊದಲಿನಿಂದ ಎಲ್ಲವನ್ನೂ ತಾನೇ ಮಾಡಿದಳು. ಹೊತ್ತು ಮುಳುಗುವವರೆಗೂ ಏಳಲಿಲ್ಲ.

*

ಭಾನುವಾರ ಮುಂಜಾನೆ ನೀರಿನ ಮೇಲೆ ಮಂಜು ಇನ್ನೂ ಮಲಗಿತ್ತು. ದಂಡೆಯ ಜನರಿಂದ ದೂರ, ಒಂದು ಮತ್ತಿಮರದ ಕೆಳಗೆ ಗೌರೀಶ ನಿಂತಿದ್ದ. ಅವಳು ಬರಬೇಡಿ ಎಂದಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ನೋಡಿಯೂ ನೋಡದವಳಂತೆ ಕಯಾಕಿಗೆ ಹತ್ತಿದಳು.

ಮೋಟಾರು ಬೆಕ್ಕಿನಂತೆ ಗುರುಗುಟ್ಟುತ್ತ ಹೊರಟಿತು. ಸೀಟಿನ ಬಾಜುಕ್ಕೇ, ಬಲಗೈಗೆ ಸಿಗುವಂತೆ ಅದನ್ನು ಕೂಡಿಸಿದ್ದಳು. ನಡುನೀರು ದಾಟಿದಳು. ಬಿಸಿಲು ಬಂತು. ಗಾಳ ಬೀಸಿದಳು. ಬದುಕು ಸರಿಯಾಗಿದೆ ಎನಿಸುವಷ್ಟರಲ್ಲಿ, ನೀರಿನೊಳಗೆ ಮುಳುಗಿದ್ದ ಬೊಡ್ಡೆಯೊಂದಕ್ಕೆ ಫ್ಯಾನು ಧಡ್ ಎಂದು ಬಡಿಯಿತು.

ಮೋಟಾರು ತಿರುಗುತ್ತಿತ್ತು, ಕಯಾಕು ಅಲುಗಲಿಲ್ಲ.

ಗಾಳಿ ಅವಳನ್ನು ಮುಳ್ಳಿನ ಕಂಟಿಗಳ ಕಡೆ ನೂಕತೊಡಗಿತು. ದಂಡೆಯಿಂದ ಕೂಗು ಕೇಳಿತು. ಯಾರೋ ಹಗ್ಗ ತಂದರು. ವಿಕ್ರಮ ಮೊಣಕಾಲುದ್ದ ನೀರಿಗಿಳಿದಿದ್ದ, ಅವನ ಹಿಂದೆ ಗೌರೀಶನೂ ಓಡಿ ಬಂದು ನೀರಿಗಿಳಿದ.

ಮುಗ್ಧಾ ಬಲಗೈ ಮೇಲಕ್ಕೆತ್ತಿದಳು. ಬರಬ್ಯಾಡ್ರಿ.

ವಿಕ್ರಮ ನಿಲ್ಲಲಿಲ್ಲ. ಆಗ ಗೌರೀಶ ಅವನ ತೋಳು ಗಟ್ಟಿಯಾಗಿ ಹಿಡಿದ. ಅವನು ಹೇಳಿದ್ದು ನೀರಿನ ಮೇಲೆ ಸ್ಪಷ್ಟವಾಗಿ ತೇಲಿ ಬಂತು.

"ಬ್ಯಾಡ್ರಿ. ಅವರು ಬ್ಯಾಡ ಅಂದಾರ. ಅವರಿಗೆ ಬರ್ತೈತಿ."

ಮುಗ್ಧಾ ಉಸಿರು ಎಳೆದುಕೊಂಡಳು. ಕೆಂಪು ಕೀಲಿ ಕಿತ್ತಳು, ಜೇಬಿಗೆ. ಮೋಟಾರನ್ನು ಎತ್ತಿ ಫ್ಯಾನನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಡಗೈಯ ಭಾರ ಅದರ ಮೇಲೆ ಹಾಕಿದಳು, ಮೊಣಕಾಲುಗಳಿಂದ ಒತ್ತಿ ಹಿಡಿದಳು. ಪಾನಾ ಹಚ್ಚಿದಳು. ನಟ್ಟು ಬಿಚ್ಚಿತು. ತುಟಿಯಲ್ಲಿ ಕಚ್ಚಿದಳು. ಫ್ಯಾನು ಕಳಚಿತು. ಒಳಗೆ ಪಿನ್ನು ಎರಡು ತುಂಡಾಗಿತ್ತು. ಕುತ್ತಿಗೆಗೆ ಕಟ್ಟಿಕೊಂಡಿದ್ದ ಪುಟ್ಟ ಚೀಲದಲ್ಲಿದ್ದ ಹೊಸ ಪಿನ್ನಿನಿಂದಲೇ ಹಳೆಯದನ್ನು ದೂಡಿ ಹಾಕಿದಳು. ಕಂಟಿಯ ಮುಳ್ಳೊಂದು ಬೆನ್ನು ಗೀರಿತು. ತಿರುಗಿ ನೋಡಲಿಲ್ಲ. ಫ್ಯಾನು. ನಟ್ಟು. ಬಿಗಿ. ಇನ್ನಷ್ಟು ಬಿಗಿ.

ಕೀಲಿ ಹಾಕಿ ಹಿಡಿಕೆ ತಿರುಗಿಸಿದಳು. ಕಯಾಕು ಮುಂದಕ್ಕೆ ಹಾರಿತು.

ದಂಡೆಯಲ್ಲಿ ಸಿಳ್ಳೆ, ಚಪ್ಪಾಳೆ. ಎಲ್ಲರೂ ಅವಳು ಮರಳಿ ಬರುತ್ತಾಳೆ ಎಂದುಕೊಂಡರು. ಮುಗ್ಧಾ ಕಯಾಕಿನ ಮೂತಿ ತಿರುಗಿಸಿ ಮತ್ತೆ ನಡುನೀರಿಗೆ ಹೋದಳು. ಮಧ್ಯಾಹ್ನದೊಳಗೆ ಎರಡು ಒಳ್ಳೆಯ ರೋಹು ಹಿಡಿದು, ಎರಡನ್ನೂ ನೀರಿಗೆ ಬಿಟ್ಟು, ತನಗೆ ಬೇಕೆನಿಸಿದಾಗ ದಂಡೆಗೆ ಬಂದಳು.

ವಿಕ್ರಮ ಹತ್ತಿರ ಬಂದ. ತಂಗಿಯ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಹಗ್ಗ ತಂದವರ ಕಡೆ ತಿರುಗಿ, "ನನ್ನ ತಂಗಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ. ಯಾರಿಗೂ ಗೊತ್ತಿಲ್ಲದ ಸಂಗತಿಯೇನೋ ಎಂಬಂತೆ.

ಗೌರೀಶನ ಪ್ಯಾಂಟು ಮೊಣಕಾಲವರೆಗೆ ಇನ್ನೂ ಹಸಿಯಾಗಿತ್ತು.

"ನಾ ಅಲ್ಲಿ ಹೋರಾಡಾಕತ್ತಾಗ ನೀವು ಕಂಬ ನಿಂತಂಗ ನಿಂತಿದ್ರಿ," ಎಂದಳು ಮುಗ್ಧಾ.

"ಹೂಂ. ನನ್ನ ಜೀವನದಾಗ ಇಷ್ಟು ಕಷ್ಟದ ಕೆಲಸ ಮಾಡಿಲ್ರಿ." ಅವನು ಬಗ್ಗಿ ಪ್ಯಾಂಟಿನ ಅಂಚು ಹಿಂಡಿದ. "ನಿನ್ನೆ ಫೋನಿನ್ಯಾಗ ಹೇಳಾಕ ಆಗಲಿಲ್ಲ. ನಿಮ್ಮ ಕೈ ಮ್ಯಾಲ ನನಗ ಯಾವತ್ತೂ ಸಂಶಯ ಬಂದಿಲ್ಲ. ನಿಮ್ಮನ್ನ ಕಳಕೊಂಡ್ರ ನಾ ಏನ ಮಾಡ್ಲಿ ಅಂತ ಅಂಜಿಕಿ. ಅಷ್ಟು ಜೀವ ಹಚ್ಚೀನ್ರಿ ನಿಮಗ. ಅವ್ವಗೂ ಹೇಳೀನಿ."

"ಏನಂದ್ರು ಅವ್ವಾರು?"

"ಹುಡುಗಿನ್ನ ಕರ್ಕೊಂಡ ಬಾ, ಮೀನಾ ಹೊಳ್ಯಾಗ ಬಿಟ್ಟ ಬರಾಕ ಹೇಳು ಅಂದ್ಲು."

ಮುಗ್ಧಾ ನಗು ತಡೆದುಕೊಂಡಳು. "ಮೊದಲ ಬ್ಯಾಟರಿ ಬಿಚ್ಚೂಣು ಬರ್ರಿ," ಎಂದಳು. ಅವನು ಬಾಡಿದ ಮುಖದಿಂದ ಅವಳ ಹಿಂದೆ ನಡೆದ. ಈ ಸಲ ಅವಳು ಹೇಳುವವರೆಗೂ ಯಾವುದಕ್ಕೂ ಕೈ ಹಚ್ಚಲಿಲ್ಲ.

ಖಾನಾಪುರದ ಮನೆಯ ಕಟ್ಟೆಯ ಮೇಲೆ ರಾಧಾಬಾಯಿ ಆತ್ಯಾ ಕುಳಿತಿದ್ದರು. ಮುಗ್ಧಾಳ ಅಪ್ಪನ ಅಕ್ಕ, ಇಡೀ ಓಣಿಯೇ ಅಂಜುವ ಹೆಂಗಸು. ಹಸಿ ಪ್ಯಾಂಟಿನ ಅಪರಿಚಿತನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇವರು ಯಾರೆಂದು ಮರಾಠಿಯಲ್ಲಿ ಕೇಳಿದರು.

"ಮೋಟಾರು ರಿಪೇರಿ..." ಎಂದು ವಿಕ್ರಮ ಶುರು ಮಾಡಿದ.

"ಆತ್ಯಾ, ಇವರು ಗೌರೀಶ," ಎಂದಳು ಮುಗ್ಧಾ, ಕನ್ನಡದಲ್ಲಿಯೇ, ಅವನಿಗೂ ತಿಳಿಯಲೆಂದು. "ನಾ ಮದಿವಿ ಆಗವರು."

ಗೌರೀಶನ ಕೈಯಲ್ಲಿದ್ದ ಬ್ಯಾಟರಿ ಬೀಳುವುದರಲ್ಲಿತ್ತು. ವಿಕ್ರಮ ಹಿಡಿದುಕೊಂಡ. ಆತ್ಯಾ ಎದ್ದು ನಿಂತು, ಗೌರೀಶನ ಮುಖಕ್ಕೆ ಮುಖ ಕೊಟ್ಟು, ಇದು ನಿಜವೇ ಎಂದು ಮತ್ತೆ ಮರಾಠಿಯಲ್ಲೇ ಕೇಳಿದರು. ಅವನು ಮುಗ್ಧಾಳನ್ನು ನೋಡಿದ. ಅವಳು ಸಹಾಯ ಮಾಡಲಿಲ್ಲ, ತುಟಿ ಕಚ್ಚಿ ಕಾದಳು.

"ಹೋಯ್," ಎಂದ ಗೌರೀಶ. ಮರಾಠಿಯಲ್ಲಿ ಹೌದು ಎನ್ನಲು ಅವನಿಗೆ ಬರುತ್ತಿದ್ದದ್ದು ಅದೊಂದೇ ಶಬ್ದ. ಅದನ್ನೇ ಗಟ್ಟಿಯಾಗಿ, ಎದೆ ಸೆಟೆಸಿ ಇನ್ನೊಮ್ಮೆ ಹೇಳಿದ. "ಹೋಯ್!"

ಆತ್ಯಾ ಬಾಗಿಲು ಬಿಟ್ಟು ಸರಿದು, ಈ ಸಲ ಕನ್ನಡದಲ್ಲಿ ಹೇಳಿದರು. "ಕಾಲು ತೊಳ್ಕೊಂಡು ಒಳಗ ಬಾ."

ಓಣಿಯ ಬಾಗಿಲುಗಳಲ್ಲೆಲ್ಲ ಜನ ನಿಂತು ನೋಡುತ್ತಿದ್ದರು. ಮುಗ್ಧಾ ಅವರೆಲ್ಲರಿಗೂ ಕಾಣುವಂತೆ ಅವನ ತೋಳು ಹಿಡಿದುಕೊಂಡು, ತಲೆ ಎತ್ತಿ ಹೊಸ್ತಿಲು ದಾಟಿದಳು.