ತಿಪ್ಪಿ ಹೆಪ್ಪು ಹಾಕಿದ್ದು

ಒಂದಾನೊಂದು ಕಾಲದಲ್ಲಿ, ನಮ್ಮ ಅಜ್ಜಿಯ ಅಜ್ಜಿಗೂ ಹಲ್ಲು ಮೂಡುವ ಮೊದಲು, ಕಣಗಿಲೆಪಟ್ಟಣ ಎಂಬ ರಾಜ್ಯವಿತ್ತು. ಆ ರಾಜ್ಯದ ಜನರ ದೇವತೆ ಕಳಿಯವ್ವ. ಅವಳಿಗೆ ಗುಡಿ ಇಲ್ಲ, ಗೋಪುರ ಇಲ್ಲ, ಮೂರ್ತಿಯೂ ಇಲ್ಲ. ಊರಾಚೆ ಅತ್ತಿಮರದ ಕೆಳಗೆ ಒಂದು ದೊಡ್ಡ ತಿಪ್ಪೆ, ಅದೇ ಅವಳು. ಕೊಳೆಸುವವಳೂ ಅವಳೇ, ಚಿಗುರಿಸುವವಳೂ ಅವಳೇ. ಜನ ಬಾಡಿದ ಹೂವು, ಹಳಸಿದ ಅನ್ನ, ಸಗಣಿ, ಒಲೆಯ ಬೂದಿ ತಂದು ಅವಳಿಗೆ ಒಪ್ಪಿಸಿ ಕೈಮುಗಿಯುತ್ತಿದ್ದರು. ಹೊಸ ತಿಪ್ಪೆ ಮಾಡುವಾಗ ಹಳೆಯದರಿಂದ ಒಂದಿಷ್ಟು ಮಣ್ಣು ಒಯ್ದು ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಮಣ್ಣನ್ನೂ ಅವರು ಹೆಪ್ಪು ಎಂದೇ ಕರೆಯುತ್ತಿದ್ದರು.

ಮಗು ಹುಟ್ಟಿದರೆ ಮೊದಲು ತಿಪ್ಪೆಯ ಮೇಲೆ ಮಲಗಿಸುವುದು ಅಲ್ಲಿಯ ಪದ್ಧತಿ. ಮನೆಯ ಹಿರಿಯಳು ಏನೂ ಗೊತ್ತಿಲ್ಲದವಳಂತೆ, "ಯಾರದೇ ಈ ಮಗು?" ಎಂದು ಕೇಳಬೇಕು. ತಾಯಿಯಾದವಳು, "ಕಳಿಯವ್ವನದು. ಸಾಕೋಕೆ ನನ್ನ ಕೈಗೆ ಕೊಟ್ಟವ್ಳೆ" ಎನ್ನಬೇಕು. ಅಷ್ಟಾದ ಮೇಲೆಯೇ ಎತ್ತಿ ಹಾಲೂಡಿಸುವುದು.

ಆ ಪಟ್ಟಣದ ಅಂಚಿನಲ್ಲಿ ತಿಪ್ಪಿ ಎಂಬ ಹೆಂಗಸಿದ್ದಳು. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಅವಳ ತಾಯಿಗೆ ದಕ್ಕಿರಲಿಲ್ಲ. ಅದಕ್ಕೇ ಇವಳಿಗೆ ತಿಪ್ಪಿ ಎಂದು ಹೆಸರಿಟ್ಟು, ಮೂರು ಚಿಟಿಕೆ ಹೆಪ್ಪನ್ನು ತಾಮ್ರದ ತಾಯಿತದೊಳಗೆ ಹಾಕಿ ತೋಳಿಗೆ ಕಟ್ಟಿದ್ದರು. ಹೆಸರು ಕೇಳಿ ನಕ್ಕವರಿಗೆಲ್ಲ ಅವಳು ಚಿಕ್ಕಂದಿನಿಂದಲೂ ಚೆನ್ನಾಗಿ ತಿರುಗೇಟು ಕೊಡುತ್ತ ಬೆಳೆದಿದ್ದಳು. ಗಂಡ ಬೋರ ಮೃದು ಸ್ವಭಾವದವನು. ಅತ್ತೆ ಸಣ್ಣೀರವ್ವ ಸೊಸೆಯಷ್ಟೇ ಬಾಯಿ ಜೋರಿನವಳು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಪ್ರಾಣ.

ಹೀಗಿರುವಾಗ ಒಂದು ಬೆಳಿಗ್ಗೆ ದೊರೆ ಮಣಿಕುಂತಲ ಕನ್ನಡಿ ನೋಡಿಕೊಂಡ. ಮೀಸೆಯಲ್ಲಿ ಒಂದು ಬಿಳಿಕೂದಲು ಕಂಡಿತು. ಒಂದೇ ಒಂದು! ನಾವು ನೀವಾಗಿದ್ದರೆ ಕಿತ್ತೆಸೆದು ಅಂಬಲಿ ಕುಡಿಯಲು ಕೂರುತ್ತಿದ್ದೆವು. ದೊರೆ ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ವಜ್ರಲೇಪನೆಂಬ ಮಂತ್ರವಾದಿ ಬಂದ. ಅವನಿಗೆ ಮುನ್ನೂರು ವರ್ಷ, ಮುಖದಲ್ಲಿ ಒಂದು ಸುಕ್ಕಿಲ್ಲ.

"ದೊರೆಯೇ, ನಿನ್ನ ಶತ್ರು ಮುಪ್ಪಲ್ಲ. ಆ ತಿಪ್ಪೆಯ ಮೇಲೆ ಕೂತಿರುವ ಮುದುಕಿ. ಅವಳನ್ನು ನನಗೆ ಒಪ್ಪಿಸು. ನಿನ್ನ ರಾಜ್ಯದಲ್ಲಿ ಇನ್ನು ಯಾವುದೂ ಬಾಡದು, ಯಾರೂ ಸಾಯರು" ಎಂದ.

ದೊರೆ ಹೂಂ ಎಂದ. ವಜ್ರಲೇಪ ಮಂತ್ರ ಹಾಕಿ ಕಳಿಯವ್ವನನ್ನು ಹೊಗೆಯಂತೆ ಎಳೆದು ಒಂದು ಗಾಜಿನ ಭರಣಿಯಲ್ಲಿ ಕೂಡಿಹಾಕಿ, ಬಾಯಿಗೆ ಅರಗು ಮೆತ್ತಿದ. ಊರೂರಿನ ತಿಪ್ಪೆಗಳನ್ನೆಲ್ಲ ಸುಟ್ಟು ಬೂದಿಯನ್ನು ಗಾಳಿಗೆ ತೂರಿಸಿದ.

ಮೊದಲ ತಿಂಗಳು ಊರಿಗೆ ಊರೇ ಕುಣಿಯಿತು. ಮಾವಿನಹಣ್ಣು ಕೆಡಲಿಲ್ಲ, ಮುಡಿದ ಮಲ್ಲಿಗೆ ಬಾಡಲಿಲ್ಲ. ಆಮೇಲೆ ಒಂದೊಂದೇ ಕಷ್ಟ ಕಾಣಿಸಿತು. ಹಾಲು ಮೊಸರಾಗಲಿಲ್ಲ. ದೋಸೆ ಹಿಟ್ಟು ಹುಳಿ ಬರಲಿಲ್ಲ. ಬಿತ್ತಿದ ರಾಗಿ ಮಣ್ಣಲ್ಲಿ ಒಡೆಯದೆ ಮಣಿಯಂತೆ ಹಾಗೇ ಬಿದ್ದಿತ್ತು. ಉಂಡ ಅನ್ನ ಕರಗದೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತಿತ್ತು. ಹಾಸಿಗೆ ಹಿಡಿದಿದ್ದ ಸಣ್ಣೀರವ್ವನ ಕೊನೆಯುಸಿರು ಗಂಟಲಲ್ಲೇ ನಿಂತುಬಿಟ್ಟಿತು, ಅತ್ತ ಹೋಗದು, ಇತ್ತ ಬಾರದು. ಆಗ ತಿಪ್ಪಿ ಎಂಟು ತಿಂಗಳ ಬಸುರಿ. ಒಂಬತ್ತು ತುಂಬಿತು, ಹತ್ತು ಕಳೆಯಿತು, ಹದಿನಾಲ್ಕಕ್ಕೆ ಬಂತು. ಹೆರಿಗೆ ಆಗಲಿಲ್ಲ. ಕೂಸು ಒದೆಯುವುದನ್ನಂತೂ ಮೊದಲೇ ನಿಲ್ಲಿಸಿತ್ತು. ಕೇಳಿಕೊಂಡು ಬರುತ್ತೇನೆಂದು ಅರಮನೆಗೆ ಹೋದ ಬೋರ ತಿರುಗಿ ಬರಲಿಲ್ಲ.

ತಿಪ್ಪಿ ಸೆರಗು ಬಿಗಿದು ಎದ್ದಳು.

"ಅತ್ತೆ, ನಾನು ಹೋಗಿ ಕಳಿಯವ್ವನ್ನ ಬಿಡಿಸ್ಕೊಂಡು ಬತ್ತೀನಿ."

"ಹೋಗು ಮಗಾ" ಎಂದಳು ಸಣ್ಣೀರವ್ವ.

ತಿಪ್ಪಿ ಹೊಸ್ತಿಲಲ್ಲಿ ನಿಂತಳು. "ಅವಳು ಬಂದ್ರೆ... ನೀನು..."

"ಗೊತ್ತು ಕಣೇ. ನನ್ನ ಕಾಲ ಮುಗ್ದು ಆರು ತಿಂಗಳಾಯ್ತು. ನೆಂಟರ ಮನೇಲಿ ಜಾಸ್ತಿ ದಿನ ಕೂತಂಗೆ ನಂಗೇ ನಾಚಿಕೆ ಆಗ್ತೈತೆ. ಆದ್ರೆ ಮೊಮ್ಮಗೂನ ತಿಪ್ಪೆ ಮ್ಯಾಲೆ ಮಲಗ್ಸಿ ಕೇಳೋಳು ನಾನೇ. ನೀನು ಬರೋಗಂಟ ಈ ಉಸಿರ್ನ ಹಲ್ಲು ಕಚ್ಚಿ ಹಿಡ್ಕೊಂಡಿರ್ತೀನಿ. ಆರು ತಿಂಗಳು ಹಿಡಿದೋಳಿಗೆ ಇನ್ನರ್ಧ ದಿನ ಹಿಡಿಯೋಕಾಗಲ್ವ? ನಡಿ, ನಡಿ."

ಅರಮನೆಯ ಮೊದಲ ಬಾಗಿಲಲ್ಲಿ ಒಂದು ದೊಡ್ಡ ಹುಲಿ ಕಾವಲಿತ್ತು.

"ನಿಲ್ಲು, ನಿನ್ನ ತಿನ್ತೀನಿ!" ಎಂದು ಗರ್ಜಿಸಿತು.

"ತಿನ್ನು. ಆದ್ರೆ ಎಲ್ಲಿಟ್ಕೊಂತೀಯ? ಹೊಟ್ಟೆ ನಂದಕ್ಕಿಂತ ದಪ್ಪ ಐತಲ್ಲ" ಎಂದಳು ತಿಪ್ಪಿ.

ಹುಲಿಯ ಮುಖ ಸಪ್ಪಗಾಯಿತು. "ಏನು ಹೇಳಲಿ ತಾಯಿ. ಆರು ತಿಂಗಳ ಹಿಂದೆ ಒಂದು ಜಿಂಕೆ ತಿಂದೆ. ಇನ್ನೂ ಕೊಂಬಿನ ಸಮೇತ ಹಾಗೇ ಐತೆ. ಮಲಗೋಕಾಗಲ್ಲ, ಕೂರೋಕಾಗಲ್ಲ."

ತಿಪ್ಪಿ ತಾಯಿತ ಬಿಚ್ಚಿ ಒಂದು ಚಿಟಿಕೆ ಹೆಪ್ಪನ್ನು ಅದರ ನಾಲಿಗೆಗೆ ಹಾಕಿದಳು. ಹುಲಿ ಕೋಟೆ ನಡುಗುವಂತೆ ಒಂದು ತೇಗು ತೇಗಿತು. ಆಮೇಲೆ ಗೋಡೆಯ ಮರೆಗೆ ಓಡಿತು. ಸ್ವಲ್ಪ ಹೊತ್ತಿಗೆ ಹಗುರಾಗಿ, ನಾಚಿಕೊಂಡು ಬಂತು. ತಿಪ್ಪಿಗೆ ಹೇಸಿಗೆ ಎಂಬುದಿಲ್ಲ. ಹುಲಿ ಬಿಟ್ಟಿದ್ದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ಮಡಿಲಿಗೆ ಹಾಕಿಕೊಂಡಳು. ಹುಲಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಒಂದು ಕರಿನಾಗರ ಸುತ್ತಿಕೊಂಡಿತ್ತು. ಅದರ ಕಣ್ಣಿನ ಮೇಲೆ ಮಂಜು ಕವಿದಿತ್ತು.

"ನಿಲ್ಲು, ಕಚ್ತೀನಿ!"

"ಕಚ್ಚು. ಆದ್ರೆ ನಾನು ನಿಂತಿರೋದು ಈ ಕಡೆ, ನೀನು ನೋಡ್ತಿರೋದು ಆ ಕಡೆ."

ನಾಗರ ಹೆಡೆ ಇಳಿಸಿತು. "ಪೊರೆ ಕಳಚೋ ಕಾಲ ಬಂದು ಹೋಯ್ತಮ್ಮ. ಬಿಡ್ತಾನೇ ಇಲ್ಲ. ಮೈಯೆಲ್ಲ ಹಿಂಡ್ತೈತೆ. ಕಣ್ಣು ಕಾಣಲ್ಲ" ಎಂದು ಅತ್ತಿತು.

ತಿಪ್ಪಿ ಎರಡನೆಯ ಚಿಟಿಕೆಯನ್ನು ಅದರ ಮೂತಿಗೆ ಸವರಿದಳು. ಪೊರೆ ತುಟಿಯ ಹತ್ತಿರ ಬಿರಿಯಿತು, ನಾಗರ ಅದರೊಳಗಿಂದ ಮಿರಮಿರ ಮಿಂಚುತ್ತ ಜಾರಿ ಹೊರಗೆ ಬಂತು. ತಿಪ್ಪಿ ಪೊರೆಯನ್ನೂ ಮಡಿಸಿ ಮಡಿಲಿಗೆ ಹಾಕಿಕೊಂಡಳು. ನಾಗರವೂ ದಾರಿ ಬಿಟ್ಟಿತು.

ಮೂರನೆಯ ಬಾಗಿಲಿಗೆ ಕಾವಲೇ ಇಲ್ಲ. ಒಳಗೆ ಸಿಂಹಾಸನದ ಮೇಲೆ ದೊರೆ, ಪಕ್ಕದಲ್ಲಿ ವಜ್ರಲೇಪ, ಅವನ ಕಾಲಬಳಿ ಗಾಜಿನ ಭರಣಿ. ಎರಡೂ ಕಡೆ ಸಾಲಾಗಿ ಬೊಂಬೆಗಳು ಕೈಯಲ್ಲಿ ದೀಪ ಹಿಡಿದು ನಿಂತಿದ್ದವು. ದೊರೆಯನ್ನು ಪ್ರಶ್ನೆ ಕೇಳಲು ಬಂದವರಿಗೆಲ್ಲ ಅರಗು ಬಳಿದು ನಿಲ್ಲಿಸಿದ್ದರು. ಮೂರನೆಯ ಬೊಂಬೆ ಬೋರ. ತಿಪ್ಪಿ ಅವರೆದುರು ಅಳಬಾರದೆಂದು ತುಟಿ ಕಚ್ಚಿದಳು.

"ಬಸುರಿ ಹೆಂಗಸು, ಪಾಪ" ಎಂದ ವಜ್ರಲೇಪ ನಗುತ್ತ. "ತಾಯಿತದಲ್ಲಿ ಇನ್ನೊಂದೇ ಚಿಟಿಕೆ ಉಳಿದಿದೆಯಲ್ಲವೇ? ಈ ಭರಣಿಯ ಅರಗಿಗೆ ಅದು ತಾಗುವುದಿಲ್ಲ, ನೂರು ಮಂತ್ರ ಹಾಕಿದ್ದೇನೆ. ವ್ಯರ್ಥ ಮಾಡಬೇಡ. ನಿನ್ನ ಹೊಟ್ಟೆಗೆ ಸವರಿಕೋ. ಈ ಗಳಿಗೆಯಲ್ಲೇ ಹೆರಿಗೆಯಾಗುತ್ತದೆ. ಮಗುವನ್ನೆತ್ತಿಕೊಂಡು ಮನೆಗೆ ಹೋಗು. ನಾನು ತಡೆಯುವುದಿಲ್ಲ."

ತಿಪ್ಪಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಆರು ತಿಂಗಳಿಂದ ಅಲುಗದ ಕೂಸು. ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಆಸೆಯಾಯಿತು. ಬೆರಳು ತಾಯಿತದೊಳಕ್ಕೂ ಹೋಯಿತು. ಆಗ ಅವಳಿಗೊಂದು ಯೋಚನೆ ಬಂತು.

"ಹುಟ್ಟಿದ ಮ್ಯಾಲೆ ಅದಕ್ಕೆ ಹಲ್ಲು ಬತ್ತದಾ?"

"ಯಾಕೆ ಬರಬೇಕು? ಎಂದೆಂದಿಗೂ ಎಳೆಗೂಸಾಗಿಯೇ ನಿನ್ನ ತೊಡೆಯ ಮೇಲಿರುತ್ತದೆ. ಇದಕ್ಕಿಂತ ಭಾಗ್ಯ ಉಂಟೆ?"

ತಿಪ್ಪಿಗೆ ಉರಿದುಹೋಯಿತು.

"ನಂಗೆ ಬೊಂಬೆ ಬ್ಯಾಡ ಕಣಯ್ಯ, ಮಗು ಬೇಕು! ಅದು ಬಿದ್ದು ಮಂಡಿ ತರಚ್ಕೋಬೇಕು. ದೊಡ್ಡದಾಗಿ ನನ್ನ ಮಾತು ಮೀರ್ಬೇಕು. ನಾನು ಮುದುಕಿ ಆದಾಗ ಬೈಕೊಂತ ಬೈಕೊಂತ ನಂಗೊಂದು ತುತ್ತು ಉಣ್ಣಿಸ್ಬೇಕು. ನಾನು ಸತ್ತ ದಿನ ಅಳಬೇಕು, ಮರುದಿನ ಒಲೆ ಹಚ್ಚಬೇಕು. ಅದನ್ನ ಕೊಡೋಕೆ ನಿನ್ನ ಕೈಲಾಯ್ತದಾ?"

ಹೀಗೆಂದು ತಿಪ್ಪಿ ಚಂದ್ರನಂತೆ ಹೊಳೆಯುವ ಆ ನೆಲದ ನಟ್ಟನಡುವೆ ಕುಕ್ಕರುಗಾಲಲ್ಲಿ ಕೂತು ಮಡಿಲು ಕೊಡವಿದಳು. ಹುಲಿಯ ಲದ್ದಿ ಬಿತ್ತು. ನಾಗರದ ಪೊರೆ ಬಿತ್ತು. ತಲೆಯಿಂದ ಒಂದು ಹಿಡಿ ಕೂದಲು ಕಿತ್ತು ಹಾಕಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಅದರ ಮೇಲೆ ಉಗಿದಳು.

"ಅಯ್ಯೋ, ನನ್ನ ಅಮೃತಶಿಲೆಯ ನೆಲ!" ಎಂದು ದೊರೆ ಕಿರುಚಿದ.

"ನೆಲಕ್ಕೆ ಅಳ್ತಿದ್ದೀಯಲ್ಲ ದೊರೆ, ಜನಕ್ಕೆ ಯಾವತ್ತು ಅಳ್ತೀಯ?" ಎಂದು ಗದರಿ, ತಿಪ್ಪಿ ಕೊನೆಯ ಚಿಟಿಕೆಯನ್ನು ಆ ಗುಡ್ಡೆಗೆ ಹೆಪ್ಪು ಹಾಕಿದಳು.

ಏನೂ ಆಗಲಿಲ್ಲ. ವಜ್ರಲೇಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ದೇವಿ ನನ್ನ ಭರಣಿಯಲ್ಲಿದ್ದಾಳೆ, ಹುಚ್ಚಿ!"

ಆದರೆ ಮನೆಯಲ್ಲಿ ಮೊಸರು ಮಾಡಿದವಳಿಗೆ ಗೊತ್ತು, ತಣ್ಣನೆ ಹಾಲಿಗೆ ಹಾಕಿದ ಹೆಪ್ಪು ಹಿಡಿಯುವುದಿಲ್ಲ. ಆ ಕಲ್ಲುನೆಲ ಮಂಜಿನಷ್ಟು ತಣ್ಣಗಿತ್ತು. ತಿಪ್ಪಿ ಗುಡ್ಡೆಯನ್ನು ಎರಡೂ ಕೈಯಿಂದ ಬಾಚಿ, ತನ್ನ ಹದಿನಾಲ್ಕು ತಿಂಗಳ ಹೊಟ್ಟೆಗೆ ಅವುಚಿಕೊಂಡು ಮಗ್ಗುಲಾಗಿ ಮಲಗಿದಳು. ಮೈಯ ಬಿಸಿಯನ್ನೆಲ್ಲ ಅದಕ್ಕೆ ಕೊಟ್ಟಳು. "ಬಾರೇ ತಾಯಿ, ತಿಪ್ಪೆ ಹಾಕಿವ್ನಿ, ಬಾ" ಎಂದು ಕರೆದಳು.

ಮೊದಲು ಸಣ್ಣಗೆ ಹಬೆ ಎದ್ದಿತು. ಆಮೇಲೆ ಒಂದು ಎರೆಹುಳ ಹೊರಳಿತು. ಆಮೇಲೆ ಬಿಳಿ ಅಣಬೆಯೊಂದು ಕೊಡೆ ಬಿಚ್ಚಿತು. ಆಮೇಲೆ ಹೊಟ್ಟೆಯೊಳಗಿನ ಕೂಸು ಫಟ್ಟನೆ ಒದೆಯಿತು. ತಿಪ್ಪಿ ಆಗ ಅತ್ತಳು, ಗಟ್ಟಿಯಾಗಿ, ಯಾರು ಕೇಳಿದರೂ ಕೇಳಲಿ ಎಂದು.

ಹಸಿರು ಬೂಜು ನೆಲವನ್ನು ದಾಟಿ, ಭರಣಿಯನ್ನು ಹತ್ತಿ, ನೂರು ಮಂತ್ರದ ಅರಗನ್ನು ರೊಟ್ಟಿಚೂರಿನಂತೆ ಮೆದ್ದಿತು. ಮುಚ್ಚಳ ಹಾರಿತು. ಕಳಿಯವ್ವ ಹೊರಗೆ ಬಂದಳು. ಬಂದಾಗ ಹಣ್ಣುಹಣ್ಣು ಮುದುಕಿ. ಒಂದು ಹೆಜ್ಜೆಗೆ ನಡುವಯಸ್ಸಿನವಳು, ಎರಡನೆಯದಕ್ಕೆ ಹರೆಯದವಳು, ಮೂರನೆಯದಕ್ಕೆ ಬೊಚ್ಚುಬಾಯಿಯ ಕೂಸು. ಮತ್ತೆ ಮುದುಕಿ.

"ಮುಟ್ಟಬೇಡ!" ಎಂದು ವಜ್ರಲೇಪ ಹಿಂದೆ ಹಿಂದೆ ಸರಿದ.

"ಮುನ್ನೂರು ವರ್ಷ ತಡ ಮಾಡ್ದೆ ಮಗನೆ, ಬಾ ಮನೆಗೆ" ಎಂದು ಕಳಿಯವ್ವ ಅವನ ತಲೆ ಸವರಿದಳು. ಅವನು ನಿಂತಲ್ಲೇ ಒಂದು ಬುಟ್ಟಿ ಮಣ್ಣಾದ. ಅವಳು ಚಿಟಿಕೆ ಎತ್ತಿ ಮೂಸಿ ನೋಡಿ, "ಪರವಾಗಿಲ್ಲ. ಹಾಗಲಬಳ್ಳಿಗೆ ಆಯ್ತದೆ" ಎಂದಳು.

ದೊರೆಯ ಮೀಸೆಯಲ್ಲಿ ಒಂದಿದ್ದ ಬಿಳಿಕೂದಲು ಏಳಾಯಿತು. ಅಷ್ಟೇ. ಅಷ್ಟಕ್ಕಾಗಿ ಇಷ್ಟೆಲ್ಲ ಮಾಡಿದೆನಲ್ಲ ಎಂದು ಅವನು ತಲೆ ತಗ್ಗಿಸಿದ. ಅಂದಿನಿಂದ ಪ್ರತಿ ಬೆಳಿಗ್ಗೆ ಅರಮನೆಯ ಮುಸುರೆಯನ್ನು ತಾನೇ ಹೊತ್ತು ತಿಪ್ಪೆಗೆ ಹಾಕಬೇಕೆಂದು ಕಳಿಯವ್ವ ಅವನಿಗೆ ವಿಧಿಸಿದಳು. ಅರಗಿನ ಬೊಂಬೆಗಳೆಲ್ಲ ಮೊಟ್ಟೆಯ ಓಡಿನಂತೆ ಬಿರಿದವು. ಬೋರ ಕಣ್ಣುಬಿಡುವಷ್ಟರಲ್ಲಿ ಸಿಂಹಾಸನದ ಮುಂದೆ ಅವನ ಹೆಂಡತಿ ಹೆಣ್ಣುಮಗುವನ್ನು ಹೆತ್ತಿದ್ದಳು. ಹೊಕ್ಕುಳಬಳ್ಳಿ ಕತ್ತರಿಸಿದವಳು ಕಳಿಯವ್ವ.

ಆದರೆ ತಿಪ್ಪಿಗೆ ನಿಲ್ಲಲು ಪುರುಸೊತ್ತಿಲ್ಲ. ಮಗುವನ್ನು ಸೆರಗಿನಲ್ಲಿ ಸುತ್ತಿ, "ಅತ್ತೆ ಕಾಯ್ತಾವ್ಳೆ" ಎಂದಳು. ಬಾಗಿಲಲ್ಲಿದ್ದ ಹುಲಿ ಬೆನ್ನು ಬಗ್ಗಿಸಿತು. ನಾಗರ ಮುಂದೆ ಹರಿದು ದಾರಿ ತೆರವು ಮಾಡಿತು. ಬೋರ ಹಿಂದೆ ಓಡಿದ.

ಸಣ್ಣೀರವ್ವ ಅಷ್ಟರಲ್ಲಿ ಅತ್ತಿಮರದ ಕೆಳಗೆ ತೆವಳಿಕೊಂಡು ಬಂದು, ತಿಪ್ಪೆ ಸುಟ್ಟ ಜಾಗದಲ್ಲಿ ಹಲ್ಲು ಕಚ್ಚಿ ಕೂತಿದ್ದಳು. ಮರದಿಂದ ಆರು ತಿಂಗಳ ಹಣ್ಣೆಲೆಗಳು ಒಟ್ಟಿಗೆ ಉದುರುತ್ತಿದ್ದವು. ತಿಪ್ಪಿ ಆ ಎಲೆಯ ರಾಶಿಯ ಮೇಲೆ ಮಗುವನ್ನು ಮಲಗಿಸಿದಳು.

ಮುದುಕಿ ಬಗ್ಗಿ ನೋಡಿದಳು. ಏನೂ ಗೊತ್ತಿಲ್ಲದವಳಂತೆ ಹುಬ್ಬು ಗಂಟಿಕ್ಕಿದಳು.

"ಯಾರದೇ ಈ ಮಗು?"

"ಕಳಿಯವ್ವನದು ಅತ್ತೆ" ಎಂದಳು ತಿಪ್ಪಿ. "ಸಾಕೋಕೆ ನನ್ನ ಕೈಗೆ ಕೊಟ್ಟವ್ಳೆ."

"ಹಂಗಾದ್ರೆ ಎತ್ಕೊ. ಹಾಲು ಕುಡ್ಸು" ಎಂದಳು ಸಣ್ಣೀರವ್ವ. ಆರು ತಿಂಗಳಿಂದ ಹಿಡಿದಿದ್ದ ಉಸಿರನ್ನು ಆರಾಮಾಗಿ ಬಿಟ್ಟಳು.

ಅವಳನ್ನು ಅಲ್ಲೇ ಮರದ ಬುಡದಲ್ಲಿ ಮಣ್ಣು ಮಾಡಿದರು. ಮಳೆ ಬಿತ್ತು, ರಾಗಿ ಮೊಳೆಯಿತು, ಹಾಲು ಮೊಸರಾಯಿತು. ಕೂಸಿಗೆ ಹಲ್ಲು ಬಂತು, ಬಂದ ದಿನವೇ ತಾಯಿಯ ಬೆರಳನ್ನು ಕಚ್ಚಿತು. ಸಣ್ಣೀರವ್ವನ ಮೇಲೆ ಒಂದು ಹೀರೆಬಳ್ಳಿ ಹಬ್ಬಿ ಊರಿಗೆಲ್ಲ ಕಾಯಿ ಕೊಟ್ಟಿತು. ಆ ಜನ ನಕ್ಕು, ಜಗಳಾಡಿ, ಹಣ್ಣಾಗಿ, ಉದುರಿ, ಮತ್ತೆ ಚಿಗುರಿ ಸುಖವಾಗಿ ಬಾಳಿದರು. ಈ ಕತೆ ಕೇಳಿದ ನಿಮ್ಮ ಮನೆಯ ಹಾಲೂ ಗಟ್ಟಿಯಾಗಿ ಹೆಪ್ಪಾಗಲಿ.